ಪಂಚಮಿಗೆ ಬಾರದ ಕರಿ ಗಾಡಿ

ಉಮಾಪತಿಯ ಮಾತು ತೆಗೆದರೆ ನನಗೆ ಮೊದಲು ಬರುವುದು ಸಿಟ್ಟು. ಅದರ ಬೆನ್ನಿಗೇ ಕಣ್ಣು ತುಂಬುತ್ತದೆ. ಅಂಥ ಕೆಲಸಗಾರ, ಅಂಥ ಮಗ, ಅಂಥ ಅಣ್ಣ ಇನ್ನೊಬ್ಬನನ್ನು ನಾನು ಕಂಡಿಲ್ಲ. ಅಂಥ ಹಟಮಾರಿ ಹುಚ್ಚನನ್ನೂ ಕಂಡಿಲ್ಲ.

ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನಾನು ಧಾರವಾಡದವನು, ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಅವನು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿತು ಬಂದವನು, ಬೋಗಿಗಳಿಗೆ ಬಣ್ಣ ಹಚ್ಚುವ ಮೇಸ್ತ್ರಿ. ಬೋಗಿಗೆ ಬಣ್ಣ ಹಚ್ಚುವುದೆಂದರೆ ಗೋಡೆಗೆ ಸುಣ್ಣ ಬಳಿದಂತಲ್ಲ. ತುಕ್ಕು ಕೆರೆಯಬೇಕು, ಪುಟ್ಟಿ ತುಂಬಬೇಕು, ಕಲ್ಲಿನಿಂದ ಉಜ್ಜಬೇಕು, ಒಂದು ಕೈ ಬಣ್ಣ ಹಚ್ಚಿ ಅದು ಪೂರ್ತಿ ಒಣಗುವತನಕ ಕಾಯಬೇಕು, ಮತ್ತೆ ಉಜ್ಜಿ ಇನ್ನೊಂದು ಕೈ ಹಚ್ಚಬೇಕು, ಎಲ್ಲ ಮುಗಿದ ಮೇಲೆ ವಾರ್ನಿಷ್. ಒಣಗದ ಬೋಗಿ ಕಾರ್ಖಾನೆಯ ಬಾಗಿಲು ದಾಟಬಾರದು ಎಂಬುದು ಅವರ ಕಟ್ಟಳೆ. ಉಮಾಪತಿ ಆ ಕಟ್ಟಳೆಯನ್ನು ಬದುಕಿಗೂ ಹಚ್ಚಿಬಿಟ್ಟಿದ್ದ. ತಂಗಿಯ ಮದುವೆಯಾಗಲಿ, ಆಮೇಲೆ ನನ್ನದು ಎಂದ. ತಂಗಿಯದಾಯಿತು; ಪ್ರಮೋಶನ್ ಬರಲಿ ಎಂದ. ಪ್ರಮೋಶನ್ ಬರುವಷ್ಟರಲ್ಲಿ ನೆತ್ತಿ ಬೋಳಾಗಿತ್ತು. ಹೀಗಾಗಿ ಮನೆಯಲ್ಲಿ ಉಳಿದವರು ಅವನು, ಅವನ ತಾಯಿ ಗಂಗೂಬಾಯಿ, ಇಬ್ಬರೇ.

ತಂಗಿ ನೀಲಾಂಬಿಕಾಳನ್ನು ಕನ್ಹಾನಿಗೆ ಕೊಟ್ಟಿದ್ದರು. ನಾಗಪುರದಿಂದ ರೈಲು ಹತ್ತಿದರೆ ಕಾಮಠಿ, ಅದರಾಚೆ ಹೊಳೆ ದಾಟಿದರೆ ಕನ್ಹಾನ್. ಒಂದು ಎಲೆಯಡಿಕೆ ಹಾಕಿಕೊಂಡು ಜಗಿಯುವುದರೊಳಗೆ ಬಂದೇಬಿಡುತ್ತದೆ. ಅಲ್ಲಿ ಕಲ್ಲಿದ್ದಲ ಗಣಿಯ ಆಫೀಸಿನಲ್ಲಿದ್ದ ಶಂಕರಪ್ಪ ಅವಳ ಗಂಡ, ಅವನೂ ನಮ್ಮ ಕಡೆಯವನೇ. ಆದರೆ ಹೆಣ್ಣುಮಕ್ಕಳಿಗೆ ದೂರವನ್ನು ರೈಲು ಅಳೆಯುವುದಿಲ್ಲ, ಪದ್ಧತಿ ಅಳೆಯುತ್ತದೆ. ನಮ್ಮ ಕಡೆ ಶ್ರಾವಣದ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಆಗ ಮಗಳು ತವರಿಗೆ ಹೋಗಬೇಕು. ಕರೆಯದೆ ತಾನಾಗಿ ಹೋದರೆ ಅವಳಿಗೂ ಕೀಳು, ತವರಿಗೂ ಕೀಳು. ತವರಿಗೆ ಬಂದವಳು ಜೋಕಾಲಿ ಆಡಬೇಕು, ಅವ್ವ ಕಟ್ಟಿದ ಉಂಡಿ ತಿನ್ನಬೇಕು, ಒಂದು ಚಮಚವನ್ನೂ ಎತ್ತಿ ಅತ್ತಿತ್ತ ಇಡಬಾರದು.

ಉಮಾಪತಿ ಪ್ರತಿ ವರ್ಷ ಹೋಗಿ ಕರೆತರುತ್ತಿದ್ದ, ರೈಲಿನಲ್ಲಿ. ಮಧ್ಯಪ್ರದೇಶದ ರಾಜಧಾನಿ ನಾಗಪುರವನ್ನು ಬಿಟ್ಟು ಭೋಪಾಲಕ್ಕೆ ಹೋದ ವರ್ಷ, ಪಂಚಮಿಗೆ ಹೋದವನನ್ನು ನೀಲಾಳ ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಒಂದು ಮಾತು ಆಡಿದಳು. ಅವಳ ಹಿರಿಯ ಸೊಸೆಯ ಅಣ್ಣ ಗುತ್ತಿಗೆದಾರ, ಮೋಟಾರಿನಲ್ಲಿ ಬಂದು ಕರೆದುಕೊಂಡು ಹೋಗಿದ್ದನಂತೆ.

"ಒಬ್ಬಾಕಿನ್ನ ಮೋಟಾರು ಕರಿಯಾಕ ಬರತೈತಿ, ಒಬ್ಬಾಕಿನ್ನ ಜೋಡು ಕರಿಯಾಕ ಬರತಾವು. ಎಲ್ಲಾ ಅವರವರ ಹಣೇಬರ" ಅಂದಳಂತೆ, ಉಮಾಪತಿಯ ಕಾಲ ಚಪ್ಪಲಿ ನೋಡುತ್ತ.

ಬೇರೆ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರು. ಉಮಾಪತಿ ಹೊಸ್ತಿಲಲ್ಲೇ ನಿಂತು, "ಮುಂದಿನ ಪಂಚಮಿಗೆ ಸ್ವಂತ ಮೋಟಾರಿನ್ಯಾಗ ಬಂದು ಕರೀತೀನ್ರಿ. ಇಲ್ಲಾಂದ್ರ ಈ ಹೊಸ್ತಿಲಾ ತುಳಿಯೂದಿಲ್ಲ" ಎಂದು ಆಣೆ ಇಟ್ಟು ಬಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಅಲ್ಲಿಗೆ ಅದು ಹೋಯಿತು.

ಬಣ್ಣದ ಮೇಸ್ತ್ರಿಗೆ ಮೋಟಾರು ಎಲ್ಲಿಂದ ಬರಬೇಕು? ದೇವರು ಒಮ್ಮೊಮ್ಮೆ ಬೇಡಿದ್ದನ್ನು ಕೊಟ್ಟು ಕೆಡಿಸುತ್ತಾನೆ. ಸರ್ಕಾರಿ ಕಚೇರಿಗಳೆಲ್ಲ ಗಂಟುಮೂಟೆ ಕಟ್ಟುತ್ತಿದ್ದ ಆ ದಿನಗಳಲ್ಲಿ ಹಳೆಯ ಮೇಜು ಕುರ್ಚಿಗಳ ಜೊತೆ ಪೊಲೀಸರ ಹಳೇ ಗಾಡಿಗಳೂ ಹರಾಜಿಗೆ ಬಂದವು. ಅವುಗಳಲ್ಲಿ ಒಂದು ಯುದ್ಧಕ್ಕಿಂತ ಮುಂಚಿನ ದೊಡ್ಡ ಕಾರು. ಮೈಯೆಲ್ಲ ಡಾಂಬರಿನಂಥ ಕಪ್ಪು, ಎರಡೂ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಪೊಲೀಸ್ ಎಂದು ಬಿಳಿ ಅಕ್ಷರ, ಹಿಂದಿನ ಕಿಟಕಿಗಳಿಗೆ ಕಬ್ಬಿಣದ ಜಾಲರಿ, ಮುಂದೆ ಒಂದು ಹಿತ್ತಾಳೆಯ ಗಂಟೆ. ಕಳ್ಳರನ್ನೂ ಹೆಣಗಳನ್ನೂ ಹೊತ್ತ ಗಾಡಿಯೆಂದು ಅದಕ್ಕೆ ಯಾರೂ ಬೆಲೆ ಕೂಗಲಿಲ್ಲ. ಉಮಾಪತಿ ಊರಲ್ಲಿದ್ದ ತನ್ನ ಪಾಲಿನ ತುಂಡು ಹೊಲ ಮಾರಿ, ಪಂಚಮಿಗೆ ತಿಂಗಳಿರುವಾಗ ಅದನ್ನು ಕೊಂಡ. ಯುದ್ಧದ ಕಾಲದಲ್ಲಿ ಕಾಮಠಿ ದಂಡಿನ ಲಾರಿ ಓಡಿಸಿ ಕಲಿತಿದ್ದನಾದ್ದರಿಂದ ತಾನೇ ಓಡಿಸಿಕೊಂಡು ಬಂದ. ನಮ್ಮ ಸಾಲಿನ ಮುಂದೆ ಗಾಡಿ ನಿಂತಾಗ ಎದುರುಮನೆಯ ಮರಾಠಿ ಫಿಟರ್ ಹಿತ್ತಲ ಬಾಗಿಲಿನಿಂದ ಓಡಿದ. ಏನು ಮಾಡಿದ್ದನೋ, ಅವನಿಗೇ ಗೊತ್ತು.

ಗಂಗೂಬಾಯಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಹೊರಗೆ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಗಂಟೆಯ ಹಗ್ಗ ಹಿಡಿದು ಎಳೆದೇಬಿಟ್ಟರು. ಆ ಸದ್ದಿಗೆ ಇಡೀ ಸಾಲಿನ ಮನೆಗಳ ಬಾಗಿಲು ತೆರೆದವು, ಎರಡು ನಾಯಿ ಬೊಗಳಿದವು.

"ಎಪ್ಪಾ, ಇದೊಂದು ಗಂಟಿ ಇರಲಿ ಬಿಡೋ. ಎಷ್ಟ ಚಂದ ಐತಿ!" ಎಂದರು.

"ಗಂಟಿ ಇದ್ರ ಪೊಲೀಸ್ ಗಾಡಿ ಅಂತ ಗೊತ್ತಾಗತೈತಬೇ" ಎಂದ ಉಮಾಪತಿ. ವಾರದೊಳಗೆ ಅದನ್ನು ಬಿಚ್ಚಿ ಗಾಂಧಿಬಾಗಿನ ಹಿಂದಿನ ಓಣಿಯ ಹಿತ್ತಾಳೆ ವ್ಯಾಪಾರಿಗೆ ಕೊಟ್ಟು ಬಂದ.

ಗಾಡಿಯ ಎಂಜಿನ್ ಚೆನ್ನಾಗಿತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದಿನ ದುಃಖವೆಲ್ಲ ಇದರಲ್ಲೇ ಇದೆ. ಮಾತು ಕೊಟ್ಟ ಪಂಚಮಿಯ ಮುಂಚಿನ ಭಾನುವಾರ ನನ್ನನ್ನೂ ಕೂರಿಸಿಕೊಂಡು ಸೀತಾಬರ್ಡಿಯತನಕ ಹೋಗಿ ಬಂದ. ಬೆಣ್ಣೆಯಂತೆ ಓಡಿತು.

"ಇನ್ನೇನು? ನಾಡಿದ್ದು ಹೋಗಿ ನೀಲಾನ್ನ ಕರ್ಕೊಂಡು ಬಾ" ಎಂದೆ.

"ಹುಚ್ಚ ಅದಿಯೇನು ನರಹರಿ? ಹಬ್ಬಕ್ಕ ತಂಗೀನ್ನ ಪೊಲೀಸ್ ಗಾಡ್ಯಾಗ ಕರ್ಕೊಂಡು ಬರೂದೇನು? ಗಲ್ಲಿ ಮಂದಿ ಏನಂದಾರು? ಆಕಿ ಅತ್ತಿ ಮೊದಲ ಚುಚ್ಚತಾಳ. ಬಣ್ಣ ಬದಲೀ ಆಗಲಿ."

"ಬಣ್ಣ ಆಮ್ಯಾಲೆ ಹಚ್ಚೋ. ಗಾಡಿ ಓಡ್ತದಲ್ಲ!"

"ಒಣಗದ ಗಾಡಿ ಬಾಗಲಾ ದಾಟಬಾರದು" ಎಂದ. ಅವನಿಗೆ ಅದು ವೇದವಾಕ್ಯ. ಸರಿ, ಆ ಪಂಚಮಿ ಹೋಯಿತು. ಗಾಡಿಗೆ ಬಣ್ಣ ಆಗಿಲ್ಲ, ಬರೂ ವರ್ಷ ಖರೇ ಬರತೀನಿ ಎಂದು ಹಬ್ಬ ಕಳೆದ ಮೇಲೆ ಕನ್ಹಾನಿಗೆ ಹೇಳಿ ಕಳಿಸಿದ. ರೈಲಿನಲ್ಲಿ ಹೋಗಿ ಕರೆತರಲು ಅವನ ಆಣೆ ಅಡ್ಡ ಬಂತು. ಗಂಗೂಬಾಯಿ ಮಗಳಿಗೆಂದು ಕಟ್ಟಿದ್ದ ಉಂಡಿಯನ್ನು ಸಾಲಿನ ಮಕ್ಕಳು ತಿಂದರು.

ಆಮೇಲೆ ಅವನು ಮಾಡಿದ ಕೆಲಸವನ್ನು ನೋಡಬೇಕಿತ್ತು. ಭಾನುವಾರ ಬಂದರೆ ಬೇವಿನ ಮರದ ಕೆಳಗೆ ಗಾಡಿಯ ಮುಂದೆ ಪದ್ಮಾಸನ ಹಾಕಿ ಕೂರುತ್ತಿದ್ದ. ಜಾಲರಿ ಕಿತ್ತು, ಆ ಜಾಗದಲ್ಲಿ ರೈಲಿನ ಕಿಟಕಿಗಿರುವಂಥ ಮರದ ಪಟ್ಟಿಯ ಷಟರು ಕೂರಿಸಿದ. ಕೈದಿಗಳು ಕೂರುತ್ತಿದ್ದ ಹಿಂದಿನ ಹಲಗೆ ತೆಗೆದು, ತೆಂಗಿನ ನಾರು ತುಂಬಿ, ಗಾಂಧಿಬಾಗಿನಿಂದ ತಂದ ಕೆಂಪು ಬಟ್ಟೆ ಹೊದಿಸಿ, ಫಸ್ಟ್ ಕ್ಲಾಸಿನ ಸೀಟನ್ನೇ ಮಾಡಿದ. ತಲೆಯ ಮೇಲೆ ಸಾಮಾನು ಇಡಲು ಬಲೆ, ಗಂಗೂಬಾಯಿಗೆ ಮೊಳಕಾಲು ನೋವೆಂದು ಹತ್ತಲು ಒಂದು ಮಡಚುವ ಮೆಟ್ಟಿಲು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆಯಂತೆ, ಕಾರು ಮಾಡಲು ಹೋಗಿ ರೈಲು ಮಾಡುತ್ತಿದ್ದೀಯಲ್ಲೋ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಸಂಜೆಯ ಹೊತ್ತು ಗಂಗೂಬಾಯಿ ಮೊರದೊಳಗೆ ಅಕ್ಕಿ ಹಾಕಿಕೊಂಡು ಹಿಂದಿನ ಸೀಟಿನ ಎಡಗಡೆಯ ಮೂಲೆಯಲ್ಲಿ ಕೂತು ಕಲ್ಲು ಆರಿಸುತ್ತಿದ್ದರು. "ನೀಲಾ ಬಲಕ್ಕ ಕುಂಡ್ರಲಿ, ನಾ ಇಲ್ಲೇ" ಎನ್ನುತ್ತಿದ್ದರು. ಅವರ ಪಾಲಿಗೆ ಅದು ಆಗಲೇ ಓಡುತ್ತಿತ್ತು.

ಬಣ್ಣವೇ ಅವನನ್ನು ಸೋಲಿಸಿದ್ದು. ಕೆನೆಬಣ್ಣ ಹಚ್ಚಿದ, ಬೇಸಿಗೆಯ ನಾಗಪುರದ ಬಿಸಿಲು ಬಿದ್ದದ್ದೇ ತಡ, ಒಳಗಿನ ಕಪ್ಪು ಬಣ್ಣ ಹಳದಿ ಕಲೆಯಾಗಿ ಮೇಲೆದ್ದಿತು. ಬಾಗಿಲ ಮೇಲೆ ಪೊಲೀಸ್ ಎಂಬ ಅಕ್ಷರಗಳ ಉಬ್ಬು ಸಂಜೆಯ ಓರೆ ಬಿಸಿಲಿಗೆ ಕಾಣುತ್ತಿತ್ತು. ಬೇರೆಯವರಿಗೆ ತೋರಿಸಿದರೆ ಕಾಣುವುದು. ಅವನಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಕೆರೆದ. ಲೋಹ ಕಾಣುವತನಕ ಉಜ್ಜಿದ. ಮೊದಲಿನಿಂದ ಶುರು ಮಾಡಿದ. ಹಾಗೆ ಎರಡನೆಯ ಪಂಚಮಿ ಬರುವ ಹೊತ್ತಿಗೆ ಬಿಚ್ಚಿದ ಬಾಗಿಲುಗಳು ವರಾಂಡದಲ್ಲಿ ಒರಗಿದ್ದವು, ಮೇಲೆ ವಾರ್ನಿಷ್ ಹಸಿಯಾಗಿತ್ತು. ಶ್ರಾವಣದ ಮಳೆಯಲ್ಲಿ ವಾರ್ನಿಷ್ ಒಣಗುವುದುಂಟೇ? ಬೆರಳು ಇಟ್ಟರೆ ಅಂಟುತ್ತಿತ್ತು, ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತಿತ್ತು. ಪಂಚಮಿ ಬರುವುದೇ ಮಳೆಗಾಲದಲ್ಲಿ ಎಂಬುದನ್ನು ಇಷ್ಟು ವರ್ಷ ಬಣ್ಣ ಹಚ್ಚಿದವನು ಯೋಚಿಸಲಿಲ್ಲವೇ ಎಂದು ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ಗಂಗೂಬಾಯಿ ಕೆಮ್ಮಿನಲ್ಲಿ ಮಲಗಿದ್ದರು. ಉಂಡಿ ಕಟ್ಟಲು ಕೈಯಲ್ಲಿ ಶಕ್ತಿ ಇರಲಿಲ್ಲ. ಹಬ್ಬದ ಹಿಂದಿನ ದಿನ ನಾನು ಹೋದಾಗ ಮಗನ ಅಂಗಿಯ ತುದಿ ಹಿಡಿದುಕೊಂಡು ಹೇಳುತ್ತಿದ್ದರು:

"ನೀಲಾನ್ನ ಕರ್ಕೊಂಡು ಬಾರೋ ಎಪ್ಪಾ. ನಡಕೊಂತ ಕರ್ಕೊಂಡು ಬಂದ್ರೂ ಬರತಾಳಾಕಿ."

"ಮಳಿ ಒಂದೀಟು ಹಿಂದಾಗಲಿಬೇ. ವಾರ್ನಿಷ್ ಕೈಗೆ ಹತ್ತತೈತಿ."

ನನಗೆ ತಡೆಯಲಾಗಲಿಲ್ಲ. ಹೊರಗೆ ಎಳೆದುಕೊಂಡು ಬಂದು ಬೈದೆ. "ನಿನಗ ಆಣಿ ಅಡ್ಡ ಬರ್ತದಂದ್ರ ನಾ ಹೋಗ್ತೇನಿ. ಮುಂಜಾನೆ ಪ್ಯಾಸೆಂಜರಿಗೆ ಹೋಗಿ ಸಂಜೀಕ ಕರ್ಕೊಂಡು ಬರ್ತೇನಿ."

ಅವನ ಮುಖ ಕೆಂಪಾಯಿತು. "ಅಣ್ಣ ಜೀವಂತ ಇರೂವಾಗ ಹೊರಗಿನವರು ಹೋಗಿ ಕರೀತಾರೇನು? ಕಳಸತಾರೇನು ಅವರರ?" ಎಂದ. ಆ ಮಾತು ನಿಜವೇ ಆಗಿತ್ತು. ಅಣ್ಣನಲ್ಲದವನ ಜೊತೆ ಸೊಸೆಯನ್ನು ಆ ಅತ್ತೆ ಕಳಿಸುತ್ತಿರಲಿಲ್ಲ. ಒಳಗೆ ಗಂಗೂಬಾಯಿ ಕೆಮ್ಮುತ್ತಿದ್ದರು. ಉಮಾಪತಿ ವರಾಂಡಕ್ಕೆ ಹೋಗಿ ಬಾಗಿಲ ಮೇಲೆ ಬೆರಳಿಟ್ಟು ನೋಡಿ, ತಲೆ ಅಲ್ಲಾಡಿಸಿ, ಮತ್ತೆ ಒಳಗೆ ಹೋದ.

ದಸರೆಗೆ ಮುಂಚೆ ಗಂಗೂಬಾಯಿ ಹೋಗಿಬಿಟ್ಟರು. ಬೆಳಗ್ಗೆ ಚಹಾ ಕೇಳಿದರು, ಚಹಾ ಬರುವಷ್ಟರಲ್ಲಿ ಇರಲಿಲ್ಲ. ನಾನು ಸ್ಟೇಶನ್ನಿಗೆ ಓಡಿ ರೈಲ್ವೆ ಫೋನಿನಲ್ಲಿ ಕನ್ಹಾನಿಗೆ ಸುದ್ದಿ ಮುಟ್ಟಿಸಿದೆ. ನೀಲಾಂಬಿಕಾ ಮೊದಲು ಸಿಕ್ಕ ಗಾಡಿ ಹತ್ತಿ ಒಬ್ಬಳೇ ಬಂದಳು. ಹಬ್ಬಕ್ಕೆ ಕರೆಯಬೇಕು, ಸಾವಿಗೆ ಕರೆಯುವವರು ಬೇಕಿಲ್ಲ. ಸೀರೆಯ ಅಂಚಿಗೆ ಕೆಸರು, ಕಾಲಲ್ಲಿ ಚಪ್ಪಲಿಯಿಲ್ಲ. ಬಾಗಿಲಿಲ್ಲದ ಆ ಗಾಡಿಯ ಪಕ್ಕದಿಂದಲೇ ಹಾದು ಒಳಗೆ ಹೋದಳು. ಅದು ತನಗಾಗಿ ನಿಂತದ್ದೆಂದು ತಿರುಗಿ ನೋಡಲೂ ಇಲ್ಲ. ಅವ್ವನ ಮುಖದ ಮೇಲೆ ಮುಖ ಇಟ್ಟು ಅವಳು ಅತ್ತದ್ದನ್ನು ನಾನು ಇಲ್ಲಿ ಬರೆಯಲಾರೆ. ಉಮಾಪತಿ ಮೂಲೆಯಲ್ಲಿ ನಿಂತಿದ್ದ. ಅವನ ಉಗುರಿನ ಸಂದಿಯಲ್ಲಿ ಕೆನೆಬಣ್ಣ ಇತ್ತು.

ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರೆ. ಆ ಚಳಿಗಾಲದಲ್ಲಿ ಗಾಡಿ ಮುಗಿಯಿತು. ಕೆಳಗೆ ಹಸಿರು, ಮೇಲೆ ಕೆನೆ, ನಡುವೆ ಕೂದಲೆಳೆಯಷ್ಟು ಬಂಗಾರದ ಗೆರೆ. ಬಾಗಿಲಲ್ಲಿ ಮುಖ ನೋಡಿಕೊಂಡು ಕ್ರಾಪು ತೀಡಿಕೊಳ್ಳಬಹುದಿತ್ತು. ಯಾವ ಬಿಸಿಲಿಗೆ ಹಿಡಿದರೂ ಅಕ್ಷರ ಕಾಣುತ್ತಿರಲಿಲ್ಲ. ಹೋಗಿ ತಂಗಿಗೆ ತೋರಿಸು ಎಂದು ನಾನು ಹೇಳಿದರೆ, "ಪಂಚಮಿಗೆ ಅಂತ ಮಾತು ಕೊಟ್ಟೀನಿ, ಪಂಚಮಿಗೇ" ಎಂದ. ಆರೇಳು ತಿಂಗಳು ಗಾಡಿಗೆ ಹೊದಿಕೆ ಹೊದಿಸಿ ಇಟ್ಟ. ಮನುಷ್ಯ ಪೆಟ್ಟು ತಿಂದರೆ ಕಲಿಯುತ್ತಾನೆಂದು ಯಾರು ಹೇಳಿದರೋ.

ಮೂರನೆಯ ಪಂಚಮಿಗೆ ಹೋದೆವು. ನನ್ನ ಹೆಂಡತಿ ಕೃಷ್ಣವೇಣಿಯನ್ನು ಅವಳ ಅಣ್ಣ ಧಾರವಾಡದಿಂದ ಬಂದು ಕರೆದುಕೊಂಡು ಹೋಗಿದ್ದ. ಮನೆಯಲ್ಲಿ ನಾನೊಬ್ಬನೇ, ಅದಕ್ಕೆ ಜೊತೆಗೆ ಹೊರಟೆ. ಉಮಾಪತಿ ತಲೆಗೆ ಹೊಸ ಪಟಗಾ ಸುತ್ತಿದ್ದ. ಕಾಮಠಿ ದಾಟಿ ಹೊಳೆಯ ಸೇತುವೆಯ ಮೇಲೆ ಬಂದಾಗ ಕೆಳಗೆ ಕೆಂಪು ನೀರು ದಡ ಮುಟ್ಟಿ ಹರಿಯುತ್ತಿತ್ತು. ಅವನು ದಾರಿಯುದ್ದಕ್ಕೂ ಬೇಕಿಲ್ಲದ ಕಡೆಯೂ ಹಾರ್ನ್ ಬಾರಿಸಿದ.

ಕನ್ಹಾನಿನ ಆ ಗಲ್ಲಿಯಲ್ಲಿ ಮಕ್ಕಳು ಸುತ್ತುವರಿದರು. ನೀಲಾಳ ಅತ್ತೆ ಹೊರಗೆ ಬಂದು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ಚಲೋ ಐತಿ. ಮದುವಿ ಗಾಡಿ ಇದ್ದಂಗ ಐತಿ" ಎಂದು ಒಳಗೆ ಹೋದಳು, ಅಷ್ಟೇ. ಮೂರು ವರ್ಷ ಹಟ ಹಿಡಿದದ್ದು ಈ ನಾಲ್ಕು ಮಾತಿಗೆ. ಉಮಾಪತಿಗೆ ಅದೇ ದೊಡ್ಡ ಬಹುಮಾನ. ನನ್ನ ಕಡೆ ನೋಡಿ ಮೀಸೆ ತಿರುವಿದ.

ನೀಲಾಂಬಿಕಾ ಟ್ರಂಕು ಹಿಡಿದು ಬಂದಳು. ಬಾಗಿಲು ಹಿಡಿದು ನಿಂತು ಒಳಗೆ ನೋಡಿದಳು.

"ಅವ್ವ ಎಲ್ಲಿ ಕುಂಡರತಿದ್ದಳು?"

ಉಮಾಪತಿ ಎಡಗಡೆಯ ಮೂಲೆ ತೋರಿಸಿದ. ಅವಳು ಬಲಗಡೆ ಕೂತಳು. ನಾಗಪುರದತನಕ ಎಡಗಡೆ ಸೆರಗು ಕೂಡ ತಾಗಿಸಲಿಲ್ಲ. ಅವನು ಕನ್ನಡಿಯಲ್ಲಿ ನೋಡಿ ನೋಡಿ, "ಸೀಟು ಮೆತ್ತಗ ಐತಿಲ್ಲೋ?" ಎಂದು ಕೇಳಿದ. "ಐತಿ ಅಣ್ಣಾ" ಎಂದಳು.

ಮನೆಯ ಬಾಗಿಲು ತೆಗೆದ ಮೇಲೆ ಅವನಿಗೆ ತಿಳಿಯಿತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿರಲಿಲ್ಲ. ಡಬ್ಬಿಯಲ್ಲಿ ಉಂಡಿ ಇರಲಿಲ್ಲ. ಒಲೆ ತಣ್ಣಗಿತ್ತು, ಮುಂಜಾನೆ ಅವನು ಚಹಾ ಕುಡಿದ ಕಪ್ಪು ಅಲ್ಲೇ ಇತ್ತು. ಬಂದ ಮಗಳ ಕಾಲಿಗೆ ನೀರು ಕೊಡಲು ಒಂದು ಹೆಣ್ಣುಜೀವ ಇಲ್ಲ. ತಂಗಿಯನ್ನು ತವರಿಗೆ ಕರೆತರಲು ಗಾಡಿ ಸಿದ್ಧ ಮಾಡುತ್ತ ಮಾಡುತ್ತ, ತವರು ಎಂಬುದು ಮುಗಿದದ್ದು ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ. ನನ್ನ ಲಕ್ಷ್ಯಕ್ಕಾದರೂ ಬರಬಾರದಿತ್ತೇ? ಹೋಟೆಲಿನಿಂದ ಏನಾದರೂ ತರುತ್ತೇನೆ ಎಂದು ತಡವರಿಸಿದೆ.

"ಬ್ಯಾಡ್ರಿ ನರಹರಿಯಣ್ಣ" ಎಂದಳು ನೀಲಾಂಬಿಕಾ. ತಾನೇ ಕಾಲು ತೊಳೆದುಕೊಂಡಳು, ಸೆರಗು ಸಿಕ್ಕಿಸಿದಳು, ಒಲೆ ಹೊತ್ತಿಸಿದಳು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಗಳು ಅಣ್ಣನಿಗೆ ರೊಟ್ಟಿ ಬಡಿದಳು. ಉಮಾಪತಿ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತು ಉಂಡ.

ಮರುದಿನ ಹೊರಟಳು. ಅಣ್ಣ ಗಾಡಿ ತೆಗೆಯಲು ಹೋದರೆ ಬೇಡ ಎಂದಳು. "ರೈಲಿಗೆ ಹೋಗತೀನಿ. ಅದರಾಗ ಕುಂತರ ಬಾಜೂಕಿನ ಜಾಗಾ ಖಾಲಿ ಕಾಣತೈತಿ." ಅವನಿಗೆ ಡ್ಯೂಟಿಯ ಹೊತ್ತಾಗಿತ್ತು, ಸ್ಟೇಶನ್ನಿಗೆ ಬಿಡಲು ನಾನು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಕೂತಾಗ ಅವಳು ತಾನಾಗಿ ಹೇಳಿದಳು.

"ಮೊದಲನೇ ವರ್ಷ ಅಣ್ಣ ಪೊಲೀಸ್ ಗಾಡಿ ತೊಗೊಂಡಾನ ಅಂತ ಸುದ್ದಿ ಬಂತಲ್ಲರಿ, ನಾ ಗಲ್ಲಿ ತುಂಬ ಹೇಳಿಕೊಂತ ಅಡ್ಡಾಡಿದೆ. ಕರೀ ಗಾಡಿ ಐತಿ, ಗಂಟಿ ಐತಿ, ನಮ್ಮಣ್ಣ ಬರತಾನ ಅಂತ. ನಮ್ಮತ್ತಿ ಒಂದು ವಾರ ನನಗ ಒಂದು ಮಾತು ಅನ್ನಲಿಲ್ಲ, ಗೊತ್ತೈತೇನ್ರಿ? ಆಕಿಗೆ ಪೊಲೀಸ್ ಅಂದ್ರ ಭಾಳ ಅಂಜಿಕಿ. ಅವತ್ತ ಗಲ್ಲ್ಯಾಗ ಆ ಕರೀ ಗಾಡಿ ಗಂಟಿ ಬಾರಿಸಿಕೊಂತ ಬಂದಿದ್ರ..." ಅಳುತ್ತಾಳೆಂದುಕೊಂಡೆ, ನಕ್ಕಳು. "ಜನ್ಮಪೂರ್ತಿ ಸುಮ್ಮನ ಇರತಿದ್ದಳರಿ. ಹಬ್ಬದ ದಿನಾ ಟ್ರಂಕು ಇಟಗೊಂಡು ದೀಪಾ ಹಚ್ಚೂತನಕ ಕಟ್ಟಿ ಮ್ಯಾಲೆ ಕುಂತಿದ್ದೆ. ಗಲ್ಲಿ ಹುಡುಗ್ರೂ ಕುಂತಿದ್ದವು, ನೋಡಾಕ. ಆಮ್ಯಾಲೆ ಅತ್ತಿ ಶುರು ಮಾಡಿದಳು, ಇವತ್ತಿನತನಾ ಬಿಟ್ಟಿಲ್ಲ."

ರೈಲು ಬಂತು. ಹತ್ತಿ ಕೂತು ಕಿಟಕಿಯಿಂದ, "ಅಣ್ಣನ ಮುಂದ ಹೇಳಬ್ಯಾಡ್ರಿ ಮತ್ತ" ಎಂದಳು.

ನಾನು ಹೇಳಿದೆ. ಹೇಳದೆ ಇರುವುದು ನನ್ನ ಸ್ವಭಾವವಲ್ಲ, ಮೇಲಾಗಿ ಅವನ ಮೇಲೆ ಮೂರು ವರ್ಷದ ಸಿಟ್ಟಿತ್ತು. ಸಂಜೆ ಡ್ಯೂಟಿ ಮುಗಿಸಿ ಬಂದು ಗಾಡಿ ಒರೆಸುತ್ತಿದ್ದ. ಹೇಳುತ್ತ ಹೋದಂತೆ ಅವನ ಕೈ ನಿಂತಿತು. ಸಿಟ್ಟಾದಾನೆಂದುಕೊಂಡೆ, ಆಗಲಿಲ್ಲ.

"ಅವ್ವ ಅಂದಿದ್ದಳಲ್ಲೋ ನರಹರಿ, ಗಂಟಿ ಇರಲಿ ಅಂತ" ಎಂದ. ಆಮೇಲೆ, "ಮೊದಲನೇ ವರ್ಷ ಗಾಡಿ ಬರೋಬರ್ ಓಡತಿತ್ತು."

"ಹೌದು, ಓಡತಿತ್ತು" ಎಂದೆ. ಅವನು ಒರೆಸುವ ಬಟ್ಟೆಯಿಂದ ಕಣ್ಣು ಒರೆಸಿಕೊಂಡ, ಮುಖಕ್ಕೆಲ್ಲ ಪಾಲಿಶ್ ಮೆತ್ತಿತು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದು ಹೋಯಿತು.

ಮರುದಿನವೇ ಗಾಂಧಿಬಾಗಿಗೆ ಹೋಗಿ ಗಂಟೆ ಕೇಳಿದನಂತೆ. ವ್ಯಾಪಾರಿ ನಕ್ಕನಂತೆ, ಅದು ಕರಗಿ ಎಷ್ಟೋ ಮನೆಯ ಕೊಡ ತಂಬಿಗೆಯಾಗಿತ್ತು.

ಮುಂದಿನ ಪಂಚಮಿಗೆ ಉಮಾಪತಿ ಆಣೆ ಮುರಿದು, ಗಾಡಿ ಬಿಟ್ಟು, ಪ್ಯಾಸೆಂಜರಿನಲ್ಲಿ ಕನ್ಹಾನಿಗೆ ಹೋದ. ಸಂಜೆ ಒಬ್ಬನೇ ಬಂದ. ನೀಲಾಂಬಿಕಾ ಬರಲಿಲ್ಲವಂತೆ. ಅತ್ತೆ ಕಳಿಸುತ್ತೇನೆಂದರೂ ಅವಳೇ ಒಲ್ಲೆನೆಂದಳಂತೆ, ಅಣ್ಣನಿಗೆ ಉಣಬಡಿಸಿ ಒಂದು ಡಬ್ಬಿ ಕೊಟ್ಟು ಕಳಿಸಿದಳಂತೆ. ನಾನು ಹುಡುಕಿಕೊಂಡು ಹೋದಾಗ ಅವನು ಮನೆಯಲ್ಲಿರಲಿಲ್ಲ, ಗಾಡಿಯೊಳಗಿದ್ದ. ಹಿಂದಿನ ಸೀಟಿನ ಎಡಗಡೆಯ ಮೂಲೆಯಲ್ಲಿ, ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಸರಿದು ಜಾಗ ಮಾಡಿ ನನಗೂ ಒಂದು ಶೇಂಗಾ ಉಂಡಿ ಕೊಟ್ಟ.

"ಅವ್ವನ ಕೈಯಾಂದ ಇದ್ದಂಗ ಐತಿ, ನೋಡು" ಎಂದ.

ಹಾಗೆಯೇ ಇತ್ತು. ಗಂಗೂಬಾಯಿಯವರೂ ಬೆಲ್ಲ ತುಸು ಹೆಚ್ಚೇ ಹಾಕುತ್ತಿದ್ದರು.